ರಾಶಿಯ ಮೇಲಿನ ನಕ್ಷತ್ರ

ಮುನಿಯಪ್ಪಣ್ಣ, ನಿನ್ನ ರಾಗಿ ರಾಶಿಯ ಮುದ್ರೆಯನ್ನು ನೀನು ಒಡೆದಿರಲಿಲ್ಲ. ಯಾರೂ ಒಡೆದಿರಲಿಲ್ಲ. ಅಂದು ನಾನು ಒತ್ತಿದ್ದೇ ಚಕ್ಕುಲಿ ಒರಳಿನ ಬಿಲ್ಲೆಯನ್ನು.

ನಗಬೇಡ. ನಗುವುದಾದರೂ ಈ ಕಾಗದ ಪೂರ್ತಿ ಓದಿ ಆಮೇಲೆ ನಗು.

ದೊಡ್ಮನೆಯವರು ಊರಿಗೆಲ್ಲ ಒಡೆಯರಾಗಿದ್ದ ಜೋಡಿದಾರಿಕೆ ಹೋಗಿ ಬಹಳ ಕಾಲವಾಯಿತು. ಹೊಲ ನಮ್ಮ ಹೆಸರಿಗಿದೆ, ಊರಿಗೆ ಪಂಚಾಯಿತಿ ಇದೆ. ಆದರೂ ದೊಡ್ಮನೆಯ ಮುದ್ರೆ ಬೀಳದೆ ನಮ್ಮೂರಲ್ಲಿ ಯಾರೂ ರಾಶಿ ಅಳೆಯುವುದಿಲ್ಲ. ಕಣ ಹೋಗಿ ವಕ್ಕಲೇರಿಯ ಟಾರು ರಸ್ತೆಯೇ ಕಣವಾಯಿತು, ಎತ್ತಿನ ಬದಲು ಬಸ್ಸು ತೆನೆ ತುಳಿಯುತ್ತದೆ — ಮುದ್ರೆ ಮಾತ್ರ ಉಳಿಯಿತು. ಬೆಳಿಗ್ಗೆ ಅಳೆಯುವವರೆಗೆ ಯಾರೂ ಮುಟ್ಟದಂತೆ, ಸಂಜೆ ರಾಶಿಯ ಮೇಲೆ ಹಸಿಮಣ್ಣಿನ ಉಂಡೆ ಇಟ್ಟು ಶಂಖದ ಮರದಚ್ಚು ಒತ್ತುವುದು ನನ್ನ ಕೆಲಸ, ನನಗಿಂತ ಮುಂಚೆ ನಮ್ಮಪ್ಪನದು. ಮೊದಲ ರಾಶಿಯವನಿಗೆ ದೊಡ್ಮನೆಯ ತಾಂಬೂಲ. ಆ ಮರ್ಯಾದೆ ನಿಮ್ಮ ತಾತನ ಕಾಲದಿಂದ ನಿಮ್ಮ ಮನೆಯದು.

ಆ ವರ್ಷ ಅಚ್ಚು ಒಡೆದುಹೋಯಿತು. ಹೆಂಡತಿ ಒಲೆಗೆ ಹಾಕಿದಳು ಅನ್ನಬಹುದಿತ್ತು, ಆದರೆ — ನಾನೇ. ಕೆಸರಲ್ಲಿ ಮೊಪೆಡ್ಡಿನ ಸ್ಟ್ಯಾಂಡು ಹೂತುಹೋಗುತ್ತದೆಂದು ಅಚ್ಚನ್ನು ಅದರ ಕೆಳಗಿಟ್ಟೆ. ಎರಡು ಹೋಳಾಯಿತು. ನಿನ್ನ ರಾಶಿ ಕಾಯುತ್ತಿತ್ತು, ಮನೆಯಲ್ಲಿ ಕೈಗೆ ಸಿಕ್ಕಿದ್ದು ನಡುವೆ ನಕ್ಷತ್ರದ ತೂತಿರುವ ಆ ಬಿಲ್ಲೆ. ಯಾರು ನೋಡುತ್ತಾರೆ ಅಂದುಕೊಂಡೆ. ಜೋಡಿದಾರರಿಗೋ ಕಣ್ಣಲ್ಲಿ ಪೊರೆ, ಶಂಖಕ್ಕೂ ಸೌತೆಕಾಯಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಅವರು ಹಿಂದಿನ ತಿಂಗಳಷ್ಟೇ ಕೋಲಾರಕ್ಕೆ ಹೋಗಿ ಪೊರೆ ತೆಗೆಸಿಕೊಂಡಿದ್ದರು! ಹೊಸ ಕಣ್ಣಿನ ಹುರುಪಿನಲ್ಲಿ ಕಂಡಕಂಡದ್ದನ್ನೆಲ್ಲ ಬಗ್ಗಿ ನೋಡುತ್ತಿದ್ದರು. ಬೆಳಿಗ್ಗೆ ರಾಶಿಗೂ ಬಗ್ಗಿದರು.

"ಲೇ, ಇದೇನ್ಲಾ ನಕ್ಷತ್ರ? ನಮ್ ಶಂಖ ಎಲ್ಲಿ?" ಎಂದವರು ನನ್ನ ಕಡೆ ತಿರುಗಿದರು. "ನೀನ್ ಒತ್ತಿದ್ದು ಶಂಖಾನೇ ತಾನೇ?"

"ಹೌದು ಸ್ವಾಮಿ," ಎಂದೆ.

ಅಷ್ಟೇ. ಆ ಎರಡು ಮಾತಿಗೆ ನೀನು, ರಾತ್ರಿ ಶಂಖದ ಮುದ್ರೆ ಒಡೆದು ರಾಗಿ ತೆಗೆದು ಬೇರೆ ಗುರುತು ಒತ್ತಿದ ಕಳ್ಳನಾದೆ. ಸಿಟ್ಟು ಬಂದರೆ ನಿನ್ನ ಬಾಯಿಗೆ ತೆಲುಗೇ ಬರುವುದು. "ನಾ ರಾಗುಲು ನೇನೇ ದೊಂಗಿಲಿಸ್ತಾನಾ ಸ್ವಾಮಿ?" ಎಂದೆ ನೀನು. ನನ್ನ ರಾಗಿ ನಾನೇ ಕದಿಯಲೇ — ನ್ಯಾಯವಾದ ಪ್ರಶ್ನೆ. ಆದರೂ ತಾಂಬೂಲ ಪಕ್ಕದ ರಾಶಿಗೆ ಹೋಯಿತು. ಊರಿನವರು ನಿನಗೆ 'ಸ್ವಂತ ರಾಶಿಗೆ ಕನ್ನ ಹಾಕಿದವನು' ಎಂದು ಹೆಸರಿಟ್ಟರು. ಎಲ್ಲರೂ ನಕ್ಕಾಗ ನಾನೂ ನಕ್ಕೆ, ಅಣ್ಣ. ಅದು ಸುಳ್ಳಿಗಿಂತ ಕೆಟ್ಟದ್ದು.

ನೀನು ರಾಗಿ ಬಿಟ್ಟು ನೀಲಗಿರಿ ಹಾಕಿದೆ. ಕೇಳಿದವರಿಗೆ "ನೀಲಗಿರಿಗೆ ಯಾವನೂ ಮುದ್ರೆ ಒತ್ತಲ್ಲ ಕಣೋ" ಅಂದೆಯಂತೆ. ಆ ತೋಪಿನ ಪಕ್ಕ ಹಾದಾಗಲೆಲ್ಲ ಮೊಪೆಡ್ಡಿನ ವೇಗ ಹೆಚ್ಚಿಸುತ್ತಿದ್ದೆ. ಶ್ರೀನಿವಾಸಪುರದ ಬಡಗಿಯಿಂದ ಮಾವಿನ ಮರದಲ್ಲಿ ಹೊಸ ಅಚ್ಚು ಮಾಡಿಸಿದೆ. ಅವನ ಶಂಖ ಥೇಟು ಬದನೆಕಾಯಿ. ಜೋಡಿದಾರರು ಅದನ್ನೇ ನೋಡಿ "ಈಗ ಸರಿಹೋಯ್ತು" ಅಂದರು. ಹಬ್ಬದಲ್ಲಿ ಚಕ್ಕುಲಿ ನನ್ನ ಗಂಟಲಲ್ಲಿ ಇಳಿಯುವುದಿಲ್ಲ — ಅದೂ ಸುಳ್ಳು, ತಿನ್ನುತ್ತೇನೆ. ಆದರೆ ನಿನ್ನ ಮುಖ ಎದುರಿಗೆ ಬರುತ್ತದೆ.

ಈ ವರ್ಷ ನೀಲಗಿರಿ ಕೀಳಿಸಿ ಮತ್ತೆ ರಾಗಿ ಚೆಲ್ಲಿದ್ದೀಯ. ತೆನೆ ಬಾಗಿದೆ, ನೋಡಿಬಂದೆ. ನಿನ್ನ ರಾಶಿ ರಸ್ತೆಗೆ ಬಿದ್ದ ದಿನ, ದೊಡ್ಮನೆಯವರೂ ಊರೂ ಸೇರಿರುವಾಗ, ಹಸಿಮಣ್ಣಿನ ಮೇಲೆ ಬಿಲ್ಲೆಯನ್ನೇ ಒತ್ತಿ ತೋರಿಸುತ್ತೇನೆ. ಆಮೇಲೆ ಅಚ್ಚು ನನ್ನ ಕೈಯಲ್ಲಿ ಉಳಿಯುವುದಿಲ್ಲ, ಉಳಿಯಬಾರದು.

ಇನ್ನೊಂದು ಮಾತು ಬಾಕಿ ಇದೆ, ಅದೇ ಕಷ್ಟದ್ದು. ಆ ಒರಳು ನಮ್ಮದಲ್ಲ. ಆ ವರ್ಷದ ಹಬ್ಬಕ್ಕೆ ಅತ್ತಿಗೆ ನಮಗೆ ಎರವಲು ಕೊಟ್ಟದ್ದು, ಬಿಲ್ಲೆ ಸಮೇತ. ನಿನ್ನ ಮನೆಯ ಬಿಲ್ಲೆಯಿಂದಲೇ ನಿನ್ನನ್ನು ಕಳ್ಳನನ್ನಾಗಿ ಮಾಡಿ, ಅದನ್ನು ಹಿಂದಿರುಗಿಸುವ ಮುಖವಿಲ್ಲದೆ ಇಷ್ಟು ವರ್ಷ ಇಟ್ಟುಕೊಂಡೆ. ತೊಳೆದು ಒರೆಸಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಒರಳು ಹಿಡಿದು ನಿನ್ನ ಬಾಗಿಲಿಗೆ ಬರುತ್ತೇನೆ. ಬಿಲ್ಲೆಯನ್ನು ಮಾತ್ರ ರಾಶಿಯ ದಿನದವರೆಗೆ ನನಗೆ ಎರವಲು ಕೊಡು, ಅಣ್ಣ.