ನಮ್ಮ ಮಾಳಿಗೆ ಏರದ ಟವರು

ಮೊಬೈಲಿನ ಸಿಗ್ನಲ್ಲು ಕೈಕೊಟ್ಟಾಗ ಮನುಷ್ಯ ಅದನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿಯುವುದೇಕೆ ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. ಸಿಗ್ನಲ್ಲು ಎಲ್ಲೋ ದೂರದ ಟವರಿನಿಂದ ಗಾಳಿಯಲ್ಲಿ ತೇಲಿ ಬರುವ ಪದಾರ್ಥವೆಂಬುದೂ, ಅಷ್ಟು ದೂರ ಬಂದ ಅದಕ್ಕೆ ನಮ್ಮ ತೋಳಿನಷ್ಟು ದಾರಿ ಉಳಿಸಿಕೊಟ್ಟರೆ ಮಹೋಪಕಾರವೇನೂ ಆಗುವುದಿಲ್ಲವೆಂಬುದೂ ಎಲ್ಲರಿಗೂ ಗೊತ್ತು. ಆದರೂ ಎತ್ತುತ್ತೇವೆ. ಎತ್ತಿದ್ದು ಸಾಲದೆಂಬಂತೆ ಮುಖವನ್ನೂ ಮೇಲೆ ಮಾಡಿ, ಕಣ್ಣು ಕಿರಿದುಗೊಳಿಸಿ, ಆಕಾಶಕ್ಕೊಂದು ಅರ್ಜಿ ಹಿಡಿದು ನಿಂತವರ ಹಾಗೆ ನಿಲ್ಲುತ್ತೇವೆ. ಹೈದರಾಬಾದಿನ ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ಭಂಗಿ ಎಷ್ಟು ಸಾಮಾನ್ಯವೆಂದರೆ, ಯಾರಾದರೂ ಕೈ ಕೆಳಗಿಳಿಸಿ ಮಾತಾಡುತ್ತಿದ್ದರೆ ಅವರು ಹೊಸಬರೆಂದೇ ತಿಳಿಯಬೇಕು.

ಮಾಳಿಗೆಯ ಮೇಲೆ ನಿಂತರೆ ಗಚ್ಚಿಬೌಲಿಯ ಗಾಜಿನ ಗೋಪುರಗಳು ಕಣ್ಣಿಗೆ ಕಾಣುತ್ತವೆ. ಅಲ್ಲಿ ಕುಳಿತವರು ಸಪ್ತಸಾಗರದಾಚೆಗಿನ ಜನರೊಡನೆ ಎದುರುಬದುರು ಕುಳಿತಂತೆ ಮಾತಾಡುತ್ತಾರಂತೆ. ಇತ್ತ ನಮ್ಮ ಮನೆಯಲ್ಲಿ ಸಿಗ್ನಲ್ಲಿಗೆ ನಿಗದಿಯಾದ ಸ್ಥಾನ ಒಂದೇ, ಅಡುಗೆಮನೆಯ ಕಿಟಕಿಯ ಕಟ್ಟೆ, ಇಂಗಿನ ಡಬ್ಬಿಗೂ ಉಪ್ಪಿನಕಾಯಿ ಭರಣಿಗೂ ನಡುವಿನ ಜಾಗ. ನನ್ನ ಹೆಂಡತಿ ಗಿರಿಜಾ ವಿಜಯಪುರದ ತನ್ನ ತಂಗಿಯ ಜೊತೆ ಅಲ್ಲಿಯೇ ಗ್ರಿಲ್ಲಿಗೆ ಕಿವಿ ಒತ್ತಿಕೊಂಡು ಮಾತಾಡಬೇಕು. ಹೈದರಾಬಾದಿನಲ್ಲಿ ಹೊತ್ತುಗೊತ್ತಿಲ್ಲದೆ ಕುಕ್ಕರು ಕೂಗುತ್ತಿರುತ್ತದೆ ಎಂಬುದು ಆ ತಂಗಿಯ ದೃಢವಾದ ನಂಬಿಕೆ.

ನಾನು ಈ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ. ಈ ಪದವಿ ನನಗೆ ಬಂದದ್ದೂ ಸಿಗ್ನಲ್ಲಿನ ಕೃಪೆಯಿಂದಲೇ. ಕೆಳಗೆ ಸೆಲ್ಲಾರಿನಲ್ಲಿ ಸಭೆ ನಡೆಯುತ್ತಿದ್ದಾಗ ನನಗೊಂದು ಫೋನು ಬಂತು, ಅರ್ಧ ಮಾತಿಗೇ ಕಡಿದು ಹೋಯಿತು, ಅದನ್ನು ಹಿಂಬಾಲಿಸಿ ನಾನು ಮಾಳಿಗೆಗೆ ಹೋದೆ. ಮಾತು ಮುಗಿಸಿ ಇಳಿದು ಬರುವಷ್ಟರಲ್ಲಿ ಸಭೆ ನನ್ನನ್ನು ಸರ್ವಾನುಮತದಿಂದ ಆರಿಸಿಬಿಟ್ಟಿತ್ತು. ವಿರೋಧಿಸಬಹುದಾಗಿದ್ದ ಏಕೈಕ ವ್ಯಕ್ತಿ ಮಾಳಿಗೆಯ ಮೇಲಿದ್ದನಷ್ಟೆ.

ಇಂಥ ನಮ್ಮಲ್ಲಿಗೆ ಒಂದು ದಿನ ಟವರು ಕಂಪನಿಯ ತರುಣ ಎಂಜಿನಿಯರನೊಬ್ಬ ಬಂದು, ನಿಮ್ಮ ಮಾಳಿಗೆಯ ಮೇಲೊಂದು ಟವರು ಕೂಡಿಸುತ್ತೇವೆ, ಬಾಡಿಗೆಯನ್ನೂ ಕೊಡುತ್ತೇವೆ ಎಂದ. ನನಗೆ ಭಗೀರಥನೇ ಮನೆ ಬಾಗಿಲಿಗೆ ಬಂದಷ್ಟು ಸಂತೋಷವಾಯಿತು. ಕೇಂದ್ರ ಸರಕಾರದ ಕಾರ್ಖಾನೆಯೊಂದರ ಉಗ್ರಾಣ ವಿಭಾಗದಲ್ಲಿ ಆಯುಷ್ಯ ಸವೆಸಿದವನು ನಾನು. ನಮ್ಮಲ್ಲಿ ಒಂದು ಬೋಲ್ಟು ಕಪಾಟಿನಿಂದ ಕಪಾಟಿಗೆ ಹೋಗಬೇಕಾದರೂ ನಿಯಮವಿತ್ತು. ಆದ್ದರಿಂದ ಟವರಿಗೂ ನಿಯಮವಿರಲೇಬೇಕೆಂದು ಊಹಿಸಿ, ಅದನ್ನು ಓದಿ ಅರಗಿಸಿಕೊಳ್ಳುವ ಹುಮ್ಮಸ್ಸಿನಲ್ಲಿ ನಗರಸಭೆಯ ಕಚೇರಿಗೆ ಹೋದೆ.

ನಿಯಮ ಇತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ. ಕಟ್ಟಡ ಭಾರ ತಾಳುತ್ತದೆಂಬ ಪ್ರಮಾಣಪತ್ರ ಬೇಕು, ನಿವಾಸಿಗಳ ಒಪ್ಪಿಗೆ ಬೇಕು, ಆಂಟೆನಾದ ನೇರ ಎದುರಿಗೆ ಅದೇ ಎತ್ತರದಲ್ಲಿ ಇಂತಿಷ್ಟು ಅಂತರದೊಳಗೆ ಮನೆಯಿರಬಾರದು, ಆ ಅಂತರವೂ ಆಂಟೆನಾಗಳ ಸಂಖ್ಯೆಗೆ ತಕ್ಕಂತೆ ಹಿಗ್ಗುತ್ತದೆ. ಅಂತರವನ್ನು ಎಲ್ಲಿಂದ ಅಳೆಯಬೇಕು, ಗೇಟಿನಿಂದಲೋ ಗೋಡೆಯಿಂದಲೋ ಎಂದು ಕೇಳಿದೆ. ಆಂಟೆನಾದಿಂದ, ಗಾಳಿಯಲ್ಲಿ ಎಂದರು. ಭೂಮಿಯನ್ನು ಅಳೆಯುವುದೆಂದರೆ ನನಗೆ ಗೊತ್ತು. ಗಾಳಿಗೆ ಟೇಪು ಹಿಡಿಯುವುದು ಹೇಗೆ? ಅಧಿಕಾರಿ ಸಜ್ಜನ, ಎರಡು ಸಲ ವಿವರಿಸಿದರು. ಮೊದಲ ಸಲ ಅರ್ಧ ತಿಳಿಯಿತು, ಎರಡನೆಯ ಸಲ ಆ ಅರ್ಧವೂ ಹೋಯಿತು. ಎಂಜಿನಿಯರ್ ಹುಡುಗ ಇನ್ನೂ ಸುಲಭ ಮಾಡಿ ಹೇಳಿದ. ತೋಟಕ್ಕೆ ನೀರು ಬಿಡುವ ಪೈಪು ಹಿಡಿದವನ ಕಾಲಡಿ ಒಣಗಿರುತ್ತದೆ, ಎದುರಿಗೆ ನಿಂತವನು ನೆನೆಯುತ್ತಾನೆ, ಟವರೂ ಹಾಗೆಯೇ, ಅದರ ಕೆಳಗಿರುವವರಿಗೆ ಏನೂ ತಾಗುವುದಿಲ್ಲ ಎಂದ. ಹಾಗಾದರೆ ಕೆಳಗಿರುವ ನಮ್ಮ ಒಪ್ಪಿಗೆಯನ್ನೇಕೆ ಕೇಳುತ್ತೀರಿ, ಎದುರಿಗಿರುವವರನ್ನು ಕೇಳಬೇಕಲ್ಲವೇ ಎಂದೆ. ಅವನು ನನ್ನನ್ನು ಕರುಣೆಯಿಂದ ನೋಡಿ ಚಹಾ ಕುಡಿದ.

ಅಷ್ಟರಲ್ಲಿ ಗೊತ್ತಾಯಿತು, ಮಾಳಿಗೆಯ ವಲಯ ವಿಂಗಡಣೆಯನ್ನು ಸರಕಾರಕ್ಕಿಂತ ಮುಂಚೆಯೇ ಬೇರೆಯವರು ಮಾಡಿ ಮುಗಿಸಿದ್ದಾರೆಂದು. ಕೆಳಮನೆಯ ರಾವ್ ಗಾರು ವಾಸ್ತುಪ್ರವೀಣರು. ಎಂಜಿನಿಯರನು ಟವರಿಗೆ ಗುರುತು ಹಾಕಿದ ಮೂಲೆ ಈಶಾನ್ಯವೆಂದು ಕೇಳಿ ಅವರು ಹೌಹಾರಿದರು. ಈಶಾನ್ಯ ಹಗುರವಾಗಿರಬೇಕು, ಎತ್ತರವೂ ಭಾರವೂ ನೈರುತ್ಯಕ್ಕೆ ಮೀಸಲು. ನೈರುತ್ಯದಲ್ಲಿ ಆಗಲೇ ನೀರಿನ ಟ್ಯಾಂಕು ಕುಳಿತಿದೆ. ಉಳಿದ ಬಿಸಿಲಿನ ಪಟ್ಟಿ ಗಿರಿಜಾ ಮತ್ತವಳ ಗೆಳತಿಯರ ಶ್ಯಾವಿಗೆ, ಹಪ್ಪಳ, ಕುರುಡಿಗೆಗಳ ಅಧೀನದಲ್ಲಿದೆ. ಅದನ್ನು ಮುಟ್ಟುವ ಧೈರ್ಯ ಅಷ್ಟದಿಕ್ಪಾಲಕರಿಗೂ ಇಲ್ಲ. ಇಂದ್ರ, ಅಗ್ನಿ, ಯಮಾದಿಗಳು ದಿಕ್ಕಿಗೊಬ್ಬರಂತೆ ಅನಾದಿಕಾಲದಿಂದ ವಲಯಾಧಿಕಾರಿಗಳಾಗಿ ಕುಳಿತಿರುವಾಗ, ಅವರ ತೀರ್ಪಿನ ಮೇಲೆ ಮೇಲ್ಮನವಿ ಎಲ್ಲಿ ಸಲ್ಲಿಸಬೇಕೋ ತಿಳಿಯದೆ ನಾನು ಟವರಿನ ನಕ್ಷೆಯನ್ನು ತಲೆಕೆಳಗು ಹಿಡಿದು ನೋಡುತ್ತ ಕುಳಿತೆ. ಹಾಗೆ ಹಿಡಿದರೆ ಟವರು ನೈರುತ್ಯಕ್ಕೇ ಬರುತ್ತಿತ್ತು.

ಇದಿಷ್ಟೇ ಆಗಿದ್ದರೆ ನಕ್ಕು ಮುಗಿಸಬಹುದಾಗಿತ್ತು. ಆದರೆ ಓದುಗ ಮಹಾಶಯರೇ, ನಮ್ಮ ಮೇಲಂತಸ್ತಿನಲ್ಲಿ ಎದುರುಬದುರು ಬಾಗಿಲಿನ ಎರಡು ಮನೆಗಳಿವೆ. ಒಂದರಲ್ಲಿ ಬಾಗಲಕೋಟೆ ಕಡೆಯ ಶಾಂತಕ್ಕ ಮತ್ತು ನನ್ನ ಹಳೆಯ ಸಹೋದ್ಯೋಗಿಯಾದ ಅವರ ಯಜಮಾನ ಮಲ್ಲಣ್ಣ. ಇನ್ನೊಂದರಲ್ಲಿ ಗಚ್ಚಿಬೌಲಿಯ ಆಫೀಸೊಂದಕ್ಕೆ ಹೋಗುವ ತೆಲುಗಿನ ಹುಡುಗಿ ಸ್ವಾತಿ, ಅವಳ ಗಂಡ. ಶಾಂತಕ್ಕನ ತೆಲುಗು ಮುಕ್ಕಾಲು ಕನ್ನಡ, ಸ್ವಾತಿಯ ಕನ್ನಡ ಪೂರ್ತಿ ತೆಲುಗು. ಆದರೂ ಆ ಎರಡು ಬಾಗಿಲುಗಳ ನಡುವೆ ದಿನವಿಡೀ ಮಾತು ಹರಿದಾಡುತ್ತಿತ್ತು. ಹಾಲು ಉಕ್ಕಿದರೆ, ತವರಿನಿಂದ ಕರದಂಟು ಬಂದರೆ, ಯಾರದೋ ಮದುವೆ ಗೊತ್ತಾದರೆ ಶಾಂತಕ್ಕ ಮೊದಲು ಹೋಗಿ ಬಡಿಯುತ್ತಿದ್ದದ್ದು ಎದುರಿನ ಬಾಗಿಲನ್ನೇ. ಗಂಡನಿಗೆ ಆ ಸುದ್ದಿ ಆಮೇಲೆ ತಿಳಿಯುತ್ತಿತ್ತು. ಸ್ವಾತಿಯ ಮೊದಲ ಬಸಿರು ನಿಲ್ಲದೆ ಹೋದಾಗ ಅವಳ ತಾಯಿ ಬಂದು ಸೇರುವವರೆಗೆ ಪಕ್ಕದಲ್ಲಿ ಕುಳಿತು ಗಂಜಿ ಕುಡಿಸಿದವರು ಶಾಂತಕ್ಕ.

ಟವರಿನ ಮಾತು ಬಂದಾಗ ಸ್ವಾತಿ ಮತ್ತೆ ಬಸುರಿ. ತಲೆಯ ಮೇಲೆ ಟವರು ಬಂದರೆ ಹೊಟ್ಟೆಯ ಕೂಸಿಗೆ ಏನಾದೀತೋ ಎಂದು ಅವಳಿಗೆ ನಿದ್ದೆಯಿಲ್ಲ. ಏನೂ ಆಗುವುದಿಲ್ಲವೆಂದು ಬರೆದವರನ್ನೂ ಓದಿದ್ದಳು, ಆಗುತ್ತದೆಂದು ಬರೆದವರನ್ನೂ ಓದಿದ್ದಳು. ಒಮ್ಮೆ ಕಳೆದುಕೊಂಡವಳು ಯಾರನ್ನು ನಂಬಬೇಕು? ಇತ್ತ ಶಾಂತಕ್ಕನಿಗೆ ಟವರು ಬೇಕೇ ಬೇಕು. ಹಿಂದಿನ ಬೇಸಿಗೆಯಲ್ಲಿ ಮಧ್ಯಾಹ್ನ ಮಲ್ಲಣ್ಣನಿಗೆ ಎದೆನೋವು ಬಂದು ಕುಸಿದಾಗ ಅವರ ಮನೆಯಿಂದ ಒಂದು ಕರೆಯೂ ಹೋಗಿರಲಿಲ್ಲ. ಎಲ್ಲರೂ ಕೆಲಸಕ್ಕೆ ಹೋಗಿದ್ದ ಹೊತ್ತು, ನಾನೂ ಗಿರಿಜಾಳೂ ವಿಜಯಪುರಕ್ಕೆ ಹೋಗಿದ್ದೆವು. ಆ ತಾಯಿ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು, ಬರಿಗಾಲಲ್ಲಿ ಮೆಟ್ಟಿಲಿಳಿದು, ಕಾದ ರಸ್ತೆಯವರೆಗೆ ಓಡಿದ್ದರು. ಮಲ್ಲಣ್ಣ ಉಳಿದ. ಆದರೆ ಆ ಓಟ ಶಾಂತಕ್ಕನ ಮನಸ್ಸಿನಲ್ಲಿ ಇನ್ನೂ ನಿಂತಿಲ್ಲ.

ಸೆಲ್ಲಾರಿನ ಸಭೆಯಲ್ಲಿ ಜನ ಸರಿಯಾಗಿ ಇಬ್ಭಾಗವಾದರು. ಶಾಂತಕ್ಕ ಎದ್ದು ನಿಂತು, "ನಮ್ಮವರಿಗೆ ಮತ್ತೊಮ್ಮಿ ಹಂಗಾದ್ರ ನಾ ಯಾರನ್ನ ಕರೀಲಿ? ರಸ್ತಾತನಕಾ ಓಡೂ ಶಕ್ತಿ ನನಗ ಉಳದಿಲ್ಲ" ಎಂದರು. ಸ್ವಾತಿ ಕುರ್ಚಿಯಿಂದ ಏಳದೆಯೇ, ತಗ್ಗಿದ ದನಿಯಲ್ಲಿ, "ನಾ ಕಡುಪುಲೋ ಉನ್ನದಿ ಕೂಡಾ ಪ್ರಾಣಮೇ ಕದಾ ಆಂಟಿ?" ಎಂದಳು. ನನ್ನ ಹೊಟ್ಟೆಯಲ್ಲಿರುವುದೂ ಜೀವವೇ ಅಲ್ಲವೇ ಎಂದು. ಎಲ್ಲರೂ ನನ್ನ ಕಡೆ ನೋಡಿದರು, ಏಕೆಂದರೆ ಸಮಬಲವಾದಾಗ ಕಾರ್ಯದರ್ಶಿಯ ಮತವೇ ನಿರ್ಣಾಯಕ.

ನಾನು ಕೆಮ್ಮಿದೆ. ಉಭಯ ಪಕ್ಷಗಳಲ್ಲೂ ತಥ್ಯವಿದೆ ಎಂದೆ. ಮುಂದಿನ ಸಭೆಯಲ್ಲಿ ಕೂಲಂಕಷವಾಗಿ ವಿಚಾರ ಮಾಡೋಣ ಎಂದೆ. ಕೂಲಂಕಷವೆಂಬ ಪದ ಇಂಥ ಪ್ರಸಂಗಗಳಿಗೆಂದೇ ಹುಟ್ಟಿರಬೇಕು. "ನೀವೂ ಹಿಂಗಂದ್ರ ಹೆಂಗ್ರಿ ಸಾಹೇಬ್ರ?" ಎಂದು ಶಾಂತಕ್ಕ ನಿಡುಸುಯ್ದರು. ಮನೆಗೆ ಬಂದ ಮೇಲೆ ಗಿರಿಜಾ, "ಹೌದು ಅನ್ನಾಕ ಬರೂದಿಲ್ಲ, ಅಲ್ಲ ಅನ್ನಾಕ ಬರೂದಿಲ್ಲ, ಇವರು ಭಾಳ ದೊಡ್ಡ ಸೆಕ್ರೆಟರಿ!" ಎಂದು ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ಜೋಡಿಸಿದಳು. ನೀನಾಗಿದ್ದರೆ ಯಾರ ಕಡೆ ಎಂದು ಕೇಳಿದೆ. ಅವಳೂ ಬಹಳ ಹೊತ್ತು ಯೋಚಿಸಿ, ಕೊನೆಗೆ ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ನೋಡಿ ಎಂದಳು.

ಮುಂದಿನ ಸಭೆ ನಡೆಯಲೇ ಇಲ್ಲ. ಕಾದು ಸಾಕಾದ ಕಂಪನಿಯವರು ಪಕ್ಕದ ನಿವೇಶನದ ಹಾಸ್ಟೆಲ್ ಕಟ್ಟಡದ ಮೇಲೆ ಟವರು ನಿಲ್ಲಿಸಿದರು. ಅದಕ್ಕೆ ಒಬ್ಬನೇ ಮಾಲೀಕ, ಅವನೊಬ್ಬನ ಒಪ್ಪಿಗೆಯೇ ಸರ್ವಾನುಮತ. ಆ ಟವರು ಈಗ ನಮ್ಮ ಮೇಲಂತಸ್ತಿನ ಕಡೆಗೇ ಮುಖಮಾಡಿ ನಿಂತಿದೆ. ಪೈಪು ಹಿಡಿದವನು ಅವನು, ನೆನೆಯುವವರು ನಾವು! ಓಡಿಹೋಗಿ ಕಚೇರಿಯಲ್ಲಿ ವಿಚಾರಿಸಿದೆ. ಅದೇ ಸಜ್ಜನ ಅಧಿಕಾರಿ ಎತ್ತರವನ್ನೂ ಅಂತರವನ್ನೂ ನಕ್ಷೆಯಲ್ಲಿ ತೋರಿಸಿದರು. ಆಂಟೆನಾ ನಮ್ಮ ಮಾಳಿಗೆಗಿಂತ ಸಾಕಷ್ಟು ಮೇಲಿದೆ, ಎಲ್ಲವೂ ಯಥಾವಿಧಿ ನಿಯಮಬದ್ಧವಾಗಿದೆ. ತಪ್ಪು ಯಾರದೂ ಅಲ್ಲ. ನಾನು ಸಂತೋಷಪಡಬೇಕೋ ದೂರು ಕೊಡಬೇಕೋ ತಿಳಿಯದೆ ಇಬ್ಬರಿಗೂ ನಮಸ್ಕಾರ ಹೇಳಿ ಬಂದೆ. ಒಬ್ಬರು ಅಧಿಕಾರಿ, ಇನ್ನೊಬ್ಬರು ಅಲ್ಲಿ ಸುಮ್ಮನೆ ಕುಳಿತಿದ್ದವರು.

ಸಿಗ್ನಲ್ಲು ಮಾತ್ರ ಧಾರಾಳವಾಗಿ ಸುರಿಯತೊಡಗಿತು. ಗಿರಿಜಾಳ ತಂಗಿ ಈಗ ಕುಕ್ಕರಿಲ್ಲದ ಮಾತನ್ನು ನಂಬಲಾರದೆ, ಆರೋಗ್ಯವಾಗಿದ್ದೀಯಲ್ಲ ಎಂದು ಕೇಳುತ್ತಾಳೆ. ಆದರೆ ನನ್ನನ್ನು ನಿಜವಾಗಿ ಗೊಂದಲಕ್ಕೆ ಕೆಡವಿದ್ದು ಬೇರೆ. ಜಗಳದ ಕಾರಣ ಪಕ್ಕದ ನಿವೇಶನಕ್ಕೆ ಹೋಯಿತು, ಜಗಳ ನಮ್ಮಲ್ಲೇ ಉಳಿಯಿತು. ಗೆದ್ದವರೂ ಇಲ್ಲ, ಸೋತವರೂ ಇಲ್ಲ, ಆದರೂ ಮೇಲಂತಸ್ತಿನ ಎರಡೂ ಬಾಗಿಲು ಮುಚ್ಚಿಯೇ ಇರುತ್ತಿದ್ದವು. ಸ್ವಾತಿ ಟವರಿನ ಕಡೆಯ ಕಿಟಕಿಗೆ ದಪ್ಪ ಪರದೆ ಕಟ್ಟಿ ಮಂಚವನ್ನು ಒಳಕೋಣೆಗೆ ಸಾಗಿಸಿದಳು. ಶಾಂತಕ್ಕ ಅವಳ ಹೆಸರೆತ್ತುತ್ತಿರಲಿಲ್ಲ. ನೀರಿನ ಟ್ಯಾಂಕು ನೋಡಲು ಮೇಲೆ ಹೋದಾಗಲೆಲ್ಲ ಆ ಎರಡು ಮುಚ್ಚಿದ ಬಾಗಿಲುಗಳ ನಡುವೆ ಹಾಯುವಾಗ ನನಗೆ ಸಂಕಟವಾಗುತ್ತಿತ್ತು. ಆ ಸಭೆಯಲ್ಲಿ ಹೌದೆಂದೋ ಅಲ್ಲವೆಂದೋ ಅಂದುಬಿಟ್ಟಿದ್ದರೆ ಇಬ್ಬರೂ ಸೇರಿ ನನ್ನ ಮೇಲಾದರೂ ಸಿಟ್ಟಾಗುತ್ತಿದ್ದರೇನೋ.

ಮೊನ್ನೆ ಸಂಜೆ ಸ್ವಾತಿಗೆ ನೋವು ಶುರುವಾಗಿ, ಗಂಡ ಮನೆಗೆ ಕೀಲಿ ಹಾಕಿ ಅವಳನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದ. ಶಾಂತಕ್ಕ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರಂತೆ, ಕೆಳಗೆ ಮಾತ್ರ ಇಳಿಯಲಿಲ್ಲವಂತೆ. ಗಿರಿಜಾ ಹೇಳಿದಳು.

ಮರುದಿನ ಮುಂಜಾನೆ ಟ್ಯಾಂಕು ನೋಡಲೆಂದು ನಾನು ಮೆಟ್ಟಿಲು ಹತ್ತುತ್ತಿದ್ದೆ. ಶಾಂತಕ್ಕನ ಬಾಗಿಲು ಧಡಾರನೆ ತೆರೆಯಿತು. ಒಂದು ಕೈಗೆಲ್ಲ ಜೋಳದ ಹಿಟ್ಟು, ಇನ್ನೊಂದು ಕೈಯಲ್ಲಿ ಫೋನು. ನನ್ನನ್ನು ಕಂಡೂ ಕಾಣದವರಂತೆ ಅವರು ಎದುರಿನ ಬಾಗಿಲಿಗೆ ಓಡಿ, ಹಿಟ್ಟಿನ ಕೈಯಿಂದ ದಬದಬ ಬಡಿಯತೊಡಗಿದರು.

"ಸ್ವಾತೀ! ಏ ಸ್ವಾತೀ! ಬಾಗಲಾ ತಗಿ! ಹೆಣ್ಣು ಹುಟ್ಟೇತಿ! ತಾಯಿ ಕೂಸು ಇಬ್ರೂ ಆರಾಮ ಅದಾರಂತ!"

ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ನನಗಿದು ಹೊಸದಲ್ಲ, ಆದರೆ ಈ ಸಲ ಶಾಂತಕ್ಕನಿಗೂ ಅರ್ಥವಾಗಿರಲಿಲ್ಲ. "ಅಕ್ಕಾರ, ಕೀಲಿ ಹಾಕೇತ್ರಿ" ಎಂದೆ. "ಯಾರಿಗೆ ಹುಟ್ಟೇತ್ರಿ?"

"ಸ್ವಾತಿಗೆ ರಿ! ಆಕೀನ ಈಗ ಫೋನ್ ಮಾಡಿ..." ಅವರು ನಿಂತರು. ಬೀಗ ನೋಡಿದರು. ಬಾಗಿಲ ಮೇಲೆ ಮೂಡಿದ ತಮ್ಮದೇ ಬಿಳಿ ಅಂಗೈಯ ಗುರುತುಗಳನ್ನು ನೋಡಿದರು. ಆಮೇಲೆ ಆ ಹೊಸ್ತಿಲ ಮೇಲೆಯೇ ಕುಸಿದು ಕುಳಿತು ನಗತೊಡಗಿದರು, ನಗುತ್ತಲೇ ಅತ್ತರು.

ಅವರ ಕೈಯಲ್ಲಿದ್ದ ಫೋನು ಕಡಿದಿರಲಿಲ್ಲ. ಅದರೊಳಗಿನಿಂದ, ದಣಿದ, ಸಣ್ಣ, ಆದರೆ ಸ್ಪಷ್ಟವಾದ ದನಿಯೊಂದು, "ತೀಸ್ತಾ ಆಂಟೀ, ತಲುಪು ತೀಸ್ತಾ... ಆಸ್ಪತ್ರಿ ನುಂಚಿ ರಾನಿವ್ವಂಡಿ" ಎನ್ನುತ್ತಿತ್ತು. ಬಾಗಿಲು ತೆಗೆಯುತ್ತೇನೆ ಆಂಟಿ, ಆಸ್ಪತ್ರೆಯಿಂದ ಬರಲು ಬಿಡಿ ಎಂದು.

ಶಾಂತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಫೋನನ್ನು ಕಿವಿಗೊತ್ತಿಕೊಂಡರು.

"ಲಗೂನ ಬಾರವ್ವ," ಎಂದರು. "ನಾ ಇಲ್ಲೇ ನಿನ್ನ ಬಾಗಲದಾಗ ಕುಂತೀನಿ."