ಜುಲ್ಹುಮೋರ್ ಬಿಟ್ಟುಕೊಟ್ಟ ಕಾಲಾಳು

ಮರ್ಗಿಲಾನ್ ಊರಿನ ರೇಷ್ಮೆ ನೇಕಾರ್ತಿ ಜುಲ್ಹುಮೋರ್. ಮಗ್ಗದಿಂದ ಎದ್ದವಳು ನೇರ ಚಹಾಖಾನೆಗೆ ಬಂದು ಚೆಸ್ ಮಣೆಯ ಮುಂದೆ ಕೂರುತ್ತಿದ್ದಳು. ಎರಡನೆಯ ನಡೆಯಲ್ಲೇ ರಾಜನ ಪಕ್ಕದ ಕಾಲಾಳನ್ನು ಎದುರಾಳಿಯ ಬಾಯಿಗೆ ಒಡ್ಡುತ್ತಿದ್ದಳು. ದಾರಿ ತೆರೆದರೆ ಸಾಕು, ಆಮೇಲೆ ನುಗ್ಗಬಹುದು ಎಂಬುದು ಅವಳ ಲೆಕ್ಕ. ಅಲ್ಲಿನ ಗಂಡಸರಿಗೆ ಅದೇ ದೊಡ್ಡ ತಮಾಷೆ.

ಚಹಾಖಾನೆಯ ಒಡೆಯ ಎರ್ಕಾಬಾಯ್ ಊರಿನ ಚಾಂಪಿಯನ್. ಅವಳಿಗೆ ಯಾವಾಗಲೂ ಬಟ್ಟಲಿನ ತುಂಬ ಚಹಾ ಸುರಿಯುತ್ತಿದ್ದ. ನಮ್ಮಲ್ಲಿ ಇನ್ನಷ್ಟು ಹೊತ್ತು ಕೂರಲಿ ಎನ್ನಿಸಿದ ಅತಿಥಿಗೆ ಅರ್ಧ ಬಟ್ಟಲು ಹಾಕಿ, ಮತ್ತೆ ಮತ್ತೆ ಹಾಕುತ್ತೇವೆ. ತುಂಬಿ ಕೊಟ್ಟರೆ, ಕುಡಿದು ಜಾಗ ಖಾಲಿ ಮಾಡು ಎಂದರ್ಥ. ಆ ಸಣ್ಣತನ ಕಂಡು, ಪಕ್ಕದಲ್ಲಿ ಕೂತು ಆಟ ನೋಡುತ್ತಿದ್ದ ನನಗೆ ಮೈ ಉರಿಯುತ್ತಿತ್ತು. ಅವಳು ಮಾತ್ರ ತುಂಬಿದ ಬಟ್ಟಲನ್ನು ನಿಧಾನವಾಗಿ ಹೀರುತ್ತ ಗಂಟೆಗಟ್ಟಲೆ ಕೂತಿರುತ್ತಿದ್ದಳು.

ಈ ಸಲದ ನವರೋಜ್ ಹಬ್ಬದ ಚೆಸ್ ಪಂದ್ಯಾವಳಿಯಲ್ಲಿ ಇಬ್ಬರೂ ಎದುರಾದರು. ಅವಳು ಅದೇ ಕಾಲಾಳನ್ನು ಒಡ್ಡಿದಳು.

"ಏನಕ್ಕಾ, ಇವತ್ತೂ ಧರ್ಮಕ್ಕೆ ಕೊಡ್ತೀಯಾ?" ಎಂದು ಎರ್ಕಾಬಾಯ್ ನಕ್ಕ.

"ತಗೊಳ್ಳಣ್ಣ. ಅರಗಿಸ್ಕೊಳ್ಳೋದು ನಿನ್ ಪಾಡು."

ಅವನು ತೆಗೆದುಕೊಂಡ. ಮಧ್ಯಾಹ್ನದ ಹೊತ್ತಿಗೆ ಅವನ ಹಣೆಯಲ್ಲಿ ಬೆವರಿತ್ತು. ಕಾಯಿಗಳೆಲ್ಲ ಬಡಿದಾಡಿ ಉದುರಿಹೋಗಿ, ಕೊನೆಗೆ ಮಣೆಯ ಮೇಲೆ ಇಬ್ಬರು ರಾಜರಷ್ಟೇ ಉಳಿದರು. ಆಟ ಡ್ರಾ ಆಯಿತು.

"ಡ್ರಾ ತಾನೆ? ಗೆದ್ದಿಲ್ವಲ್ಲ!" ಎಂದು ಹಿಂದಿನಿಂದ ಯಾರೋ ಕುಟುಕಿದರು.

"ಬಾಯ್ಮುಚ್ಚೋ. ನೀನು ಆಡಿ ನೋಡು, ಗೊತ್ತಾಗುತ್ತೆ" ಎಂದು ಎರ್ಕಾಬಾಯ್ ಗದರಿದ. ಆಮೇಲೆ ಕೆಟಲ್ ಎತ್ತಿ ಅವಳ ಬಟ್ಟಲಿಗೆ ಚಹಾ ಸುರಿಯತೊಡಗಿದವನು ಅರ್ಧಕ್ಕೇ ಕೈ ತಡೆದ.

ಜುಲ್ಹುಮೋರ್ ಅದನ್ನು ಎರಡೇ ಗುಟುಕಿಗೆ ಮುಗಿಸಿ, ಖಾಲಿ ಬಟ್ಟಲನ್ನು ಮತ್ತೆ ಅವನ ಮುಂದೆ ಚಾಚಿದಳು.