ಕದ್ದರೇ ಚಿಗುರುವ ಗೆಲ್ಲು

ಸಂತೆಕಟ್ಟೆಯ ನಮ್ಮ ಅಂಗಳದಲ್ಲಿ ನರ್ಸರಿಯಿಂದ ತಂದ ಗಿಡ ಒಂದೂ ಇಲ್ಲ. ಎಲ್ಲ ಕದ್ದ ಮಾಲು. ಕದ್ದವರು ನನ್ನ ಅತ್ತೆ. ಕೊಂಕಣಿಯಲ್ಲಿ ನಾವು ಮಾಂಯ್ ಎನ್ನುತ್ತೇವೆ. ಇಗರ್ಜಿಯಲ್ಲಿ ಪೂಜೆ ಮುಗಿಸಿ ಬರುವ ದಾರಿಯಲ್ಲಿ, ಯಾರದೋ ಕಂಪೌಂಡಿನಾಚೆ ಬಾಗಿದ ದಾಸವಾಳದ ಗೆಲ್ಲನ್ನು ಪಟಕ್ಕನೆ ಮುರಿದು ಸೆರಗಿನೊಳಗೆ ಸೇರಿಸುತ್ತಿದ್ದರು, ಜಪಸರ ಹಿಡಿದ ಅದೇ ಕೈಯಿಂದ. ಕೇಳಿ ತಂದ ಗೆಲ್ಲು ಮುನಿಸಿಕೊಳ್ಳುತ್ತದೆ, ಕದ್ದದ್ದು ಮಾತ್ರ ಚಿಗುರುತ್ತದೆ ಎಂಬುದು ನಮ್ಮ ಕಡೆಯ ಹೆಂಗಸರ ಸಸ್ಯಶಾಸ್ತ್ರ. ಅದಕ್ಕೊಂದು ಮರ್ಯಾದೆಯೂ ಉಂಟು: ಗಿಡದ ಒಡತಿ ಕಂಡರೂ ಕಾಣದವಳಂತೆ ಮುಖ ತಿರುಗಿಸಬೇಕು. ಶಾಲೆಯಲ್ಲಿ ವಿಜ್ಞಾನ ಕಲಿಸಿದ ನಾನು ಇದನ್ನು ಮೂಢನಂಬಿಕೆ ಎನ್ನುತ್ತಿದ್ದೆ. ನನ್ನ ಕೈಯಲ್ಲಿ ಬಸಳೆ ಕೂಡ ಬದುಕುವುದಿಲ್ಲ ಎಂಬುದು ಬೇರೆ ಮಾತು.

ಈಗ ಮಾಂಯ್‌ಗೆ ಮರೆವಿನ ಕಾಯಿಲೆ. "ವಾಸಿಯಾಗುವುದಿಲ್ಲ. ಆದರೆ ಮಣ್ಣಿನಲ್ಲಿ ಕೈಯಾಡಿಸಲಿ, ನಡೆಯಲಿ, ಮನಸ್ಸಿಗೆ ಒಳ್ಳೆಯದು" ಎಂದರು ಮಣಿಪಾಲದ ಡಾಕ್ಟರು. ನಮ್ಮ ಬಡಾವಣೆಯ ಸೆಕ್ರೆಟರಿಗೂ ಇದು ಗೊತ್ತು. ತೋಟಗಾರಿಕೆ ಹಿರಿಯರ ಮಿದುಳಿಗೆ ಅಮೃತವೆಂದು, ಗುಲಾಬಿಯ ಚಿತ್ರದ ಮೇಲೆ ಶುಭೋದಯ ಬರೆದು, ವಾಟ್ಸಾಪ್ ಗುಂಪಿಗೆ ಕಳಿಸಿದವರು ಅವರೇ. ಹೋದ ವಾರ ಅದೇ ಗುಂಪಿಗೆ ತಮ್ಮ ಮನೆಯ ಕ್ಯಾಮೆರಾದ ದೃಶ್ಯ ಹಾಕಿದರು: ಸೆಕ್ರೆಟರಿಯ ಕ್ರೋಟನ್ ಗಿಡದ ಗೆಲ್ಲನ್ನು ಮಾಂಯ್ ಮುರಿಯುತ್ತಿದ್ದಾರೆ. ಕೆಳಗೆ, "ದಯವಿಟ್ಟು ಇಂಥವರನ್ನು ಒಳಗೆ ಇಟ್ಟುಕೊಳ್ಳಿ."

ಇಂಥವರು! ಮೈಯೆಲ್ಲ ಉರಿಯಿತು. ಚಪ್ಪಲಿಯನ್ನೂ ಮೆಟ್ಟದೆ ಅವರ ಮನೆಗೆ ಹೋದೆ.

"ಗೆಲ್ಲಿಗೆ ಎಂತ ಬೇಜಾರಿಲ್ಲ ಟೀಚರ್" ಎಂದರು. "ನಿಮ್ಮ ಅತ್ತೆ ಬಾಯಮ್ಮನಿಗೆ ಈಗ ಬುದ್ಧಿ ಸರಿ ಇಲ್ಲ ಅಲ್ವಾ? ಗೇಟಿಗೆ ಒಂದು ಬೀಗ ಹಾಕಿ, ಅವರದ್ದೇ ಒಳ್ಳೆಯದಕ್ಕೆ."

"ಬುದ್ಧಿ ಸರಿ ಇದ್ದಾಗಲೂ ಅವರು ಮಾಡಿದ್ದು ಇದನ್ನೇ ಮಾರಾಯ್ರೆ! ಆಗ ನೀವೆಲ್ಲ ನಗುತ್ತಿದ್ದಿರಿ."

ನೆನಪಿದ್ದಾಗ ಚಾಳಿ, ನೆನಪು ಹೋದ ಮೇಲೆ ರೋಗಲಕ್ಷಣ. ಮಿದುಳಿಗೆ ಅಮೃತವಾದ ತೋಟ ಬೇಕು, ತೋಟ ಮಾಡುವ ಮುದುಕಿ ಬೀದಿಯಲ್ಲಿ ಕಾಣಿಸಬಾರದು. ಇಷ್ಟನ್ನೂ ಗಟ್ಟಿಯಾಗಿಯೇ ಹೇಳಿ ಬಂದೆ. ಬಂದು ನೋಡಿದರೆ, ಜಗಳವೆಂದರೆ ಜ್ವರ ಬರುವ ನನ್ನ ಗಂಡ ಅಷ್ಟರಲ್ಲಿ ಗೇಟಿಗೆ ಬೀಗ ಜಡಿದಾಗಿತ್ತು. "ಹೆದ್ದಾರಿ ಹತ್ತಿರ ಉಂಟು, ಅಮ್ಮ ಒಬ್ಬರೇ ಹೋದರೆ?" ಎಂದರು. ಮಾತು ನಿಜ; ಆದರೂ ನನ್ನ ಸಿಟ್ಟು ಇಳಿಯಲಿಲ್ಲ.

ಮರುದಿನ ಸಂಜೆ ಮಾಂಯ್ ಗೇಟನ್ನು ಅಲ್ಲಾಡಿಸಿ ನೋಡಿದರು. ಆಮೇಲೆ ನಮ್ಮದೇ ದಾಸವಾಳದ ಬಳಿ ನಿಂತು, ಅತ್ತಿತ್ತ ನೋಡಿ, ಒಂದು ಗೆಲ್ಲು ಮುರಿದು ಸೆರಗಿನಲ್ಲಿ ಬಚ್ಚಿಟ್ಟರು. ಜಗಲಿಯಲ್ಲಿದ್ದ ನನ್ನನ್ನು ಕಂಡು ಬೆಚ್ಚಿದರು. ಆ ಕಣ್ಣಿಗೆ ನಾನು ಸೊಸೆಯಲ್ಲ, ಯಾವುದೋ ಮನೆಯ ಒಡತಿ. ನನಗೆ ಅಳು ಬಂತು. ಮುಖ ತಿರುಗಿಸಿದೆ. ಬೆನ್ನ ಹಿಂದೆ ಗೇಟು ಮತ್ತೆ ಗಡಗಡ ಸದ್ದು ಮಾಡಿತು. ಕದ್ದದ್ದನ್ನು ಹಿಡಿದುಕೊಂಡು ಅವರಿಗೆ ಮನೆಗೆ ಹೋಗಬೇಕಿತ್ತು.

ಬೀಗ ತೆಗೆದೆ. ಈಗ ಸಂಜೆ ಇಬ್ಬರೂ ಒಟ್ಟಿಗೆ ಹೊರಡುತ್ತೇವೆ. ಅವರು ಮುರಿಯುತ್ತಾರೆ, ಯಾರಾದರೂ ಬರುತ್ತಾರಾ ಎಂದು ನಾನು ನೋಡಿಕೊಳ್ಳುತ್ತೇನೆ.